ಕಾರ್ಬನ್ ಬೈಸಿಕಲ್ಲಿನ ಬಾಳಿಕೆ: ದಿನಬಳಕೆಯ ದೃಷ್ಟಿಯಿಂದ ಒಂದು ವಿವೇಚನೆ

ನಮ್ಮ ಕಾಲೇಜಿನ ಬೈಸಿಕಲ್ ನಿಲ್ದಾಣದಲ್ಲಿ ಸಾಲಾಗಿ ನಿಂತಿರುವ ಉಕ್ಕಿನ ಬೈಸಿಕಲ್ಲುಗಳ ನಡುವೆ ಒಂದು ಬೈಸಿಕಲ್ಲು ಮಾತ್ರ ಎಂದೂ ಕಾಣಸಿಗುವುದಿಲ್ಲ. ಅದರ ಒಡೆಯನಾದ ವಿದ್ಯಾರ್ಥಿ ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಮಹಡಿ ಹತ್ತಿ ಬಂದು, ನಮ್ಮ ವಿಭಾಗದ ಮುಂದಿನ ಮೊಗಸಾಲೆಯಲ್ಲಿ ಗೋಡೆಗೆ ಒರಗಿಸಿಡುತ್ತಾನೆ. ಅದು ಕಾರ್ಬನ್ ಫೈಬರಿನಿಂದ ಮಾಡಿದ್ದು. ಅವನು ಅದನ್ನು ಮತ್ತೊಬ್ಬರಿಂದ ಅರ್ಧ ಬೆಲೆಗೆ ಕೊಂಡದ್ದು. ಕಳೆದ ಮಳೆಗಾಲದ ಒಂದು ದಿನ ಯಾರದೋ ಕೈಚೀಲ ತಗುಲಿ ಅದು ಜಾರಿ, ಅಲ್ಲಿದ್ದ ಬೆಂಚಿನ ಕಬ್ಬಿಣದ ಕಾಲಿನ ಮೇಲೆ ಬಿದ್ದಿತು. ಮೇಲಿನ ಕೊಳವೆಯ ಮೇಲೆ ಉಗುರಿನಷ್ಟು ಉದ್ದದ ಒಂದು ಗೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆದರೂ ಹುಡುಗನ ಮುಖ ಕಳೆಗುಂದಿತು. "ಸಾರ್, ಇದನ್ನು ಇನ್ನು ಓಡಿಸಬಹುದೆ?" ಎಂದು ಅವನು ಕೇಳಿದ.

ಇತಿಹಾಸವನ್ನು ಬೋಧಿಸುವ ನಮಗೆ ಈ ಪ್ರಶ್ನೆಯ ಉತ್ತರ ತಿಳಿದಿರಲಿಲ್ಲ. ಊರಿನ ಬೈಸಿಕಲ್ ಅಂಗಡಿಯವರು, ಕಾರ್ಬನ್ ಎಂಬುದು ಗಾಜಿನ ಹಾಗೆ, ಒಮ್ಮೆ ಬಿದ್ದರೆ ಅದರ ಕಥೆ ಮುಗಿಯಿತು ಎಂದರು. ಭೌತಶಾಸ್ತ್ರದ ನಮ್ಮ ಸಹೋದ್ಯೋಗಿಗಳು, ಉಕ್ಕಿಗಿಂತ ಗಟ್ಟಿಯಾದ ಪದಾರ್ಥಕ್ಕೆ ಇಷ್ಟು ಭಯವೇಕೆ ಎಂದು ನಕ್ಕರು. ಎರಡು ಸಾಕ್ಷ್ಯಗಳು ಹೀಗೆ ಒಂದಕ್ಕೊಂದು ಎದುರು ನಿಂತಾಗ ಎರಡೂ ಎಲ್ಲಿಂದ ಹುಟ್ಟಿದವೆಂದು ಹುಡುಕುವುದು ನಮ್ಮ ವೃತ್ತಿಯ ರೂಢಿ. ಆ ಹುಡುಕಾಟದಲ್ಲಿ ನಮಗೆ ದೊರೆತದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಇಬ್ಬರ ಮಾತೂ ನಿಜ, ಆದರೆ ಇಬ್ಬರೂ 'ಬಾಳಿಕೆ' ಎಂಬ ಒಂದೇ ಶಬ್ದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿದ್ದಾರೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಪದಾರ್ಥದ ಸ್ವರೂಪವನ್ನು ತಿಳಿಯಬೇಕು. ಕಾರ್ಬನ್ ಫೈಬರ್ ಎಂದರೆ ಇಂಗಾಲದ ಎಳೆ. ಒಂದೊಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್, ಎಂದರೆ ನಮ್ಮ ತಲೆಗೂದಲಿನ ಹತ್ತರಲ್ಲೊಂದು ಪಾಲು. ಇಂಥ ಸಾವಿರಾರು ಎಳೆಗಳನ್ನು ಒಂದು ಹುರಿಯಾಗಿ ಸೇರಿಸಿ, ಹಾಳೆಯಂತೆ ಹರಡಿ, ಎಪಾಕ್ಸಿ ಎಂಬ ರಾಳದಲ್ಲಿ ತೋಯಿಸಿ, ಹಾಳೆಯ ಮೇಲೆ ಹಾಳೆಯನ್ನಿಟ್ಟು, ಅಚ್ಚಿನಲ್ಲಿ ಒತ್ತಿ ಕಾಯಿಸಿದಾಗ ರಾಳ ಗಟ್ಟಿಯಾಗಿ ಕೊಳವೆಯೋ ಚೌಕಟ್ಟೋ ಸಿದ್ಧವಾಗುತ್ತದೆ. ಜಪಾನಿನ ಟೊರೆ ಸಂಸ್ಥೆಯ ಟಿ-300 ಎಂಬ ಪ್ರಸಿದ್ಧ ಎಳೆಯ ಸಾಂದ್ರತೆ ಸುಮಾರು 1.76, ಉಕ್ಕಿನದು ಸುಮಾರು 7.85. ಆದರೆ ಎಳೆದಾಗ ಹಿಗ್ಗದಿರುವ ಬಿಗುವಿನಲ್ಲಿ ಆ ಎಳೆ ಉಕ್ಕಿಗಿಂತ ತುಸು ಮೇಲೆಯೇ ಇದೆ. ನಾಲ್ಕರಲ್ಲೊಂದು ಪಾಲು ತೂಕದಲ್ಲಿ ಉಕ್ಕಿನಷ್ಟೇ ಬಿಗಿಯಾದ ಪದಾರ್ಥವೆಂಬ ಕೀರ್ತಿ ಅದಕ್ಕೆ ಬಂದದ್ದು ಹೀಗೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಈ ಬಲವೆಲ್ಲ ಎಳೆಯ ಉದ್ದಕ್ಕೆ ಮಾತ್ರ ಸಲ್ಲುತ್ತದೆ. ಅಡ್ಡಲಾಗಿ ಬಿದ್ದ ಭಾರವನ್ನು ಹೊರುವುದು ಎಳೆಗಳ ನಡುವಿನ ರಾಳ. ಬಿದಿರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿದಿರಿನ ಗಳು ಎಷ್ಟು ಬಾಗಿಸಿದರೂ ಮುರಿಯದು, ಆದರೆ ತುದಿಗೆ ಕತ್ತಿಯಿಟ್ಟು ಒಂದು ಏಟು ಕೊಟ್ಟರೆ ಉದ್ದಕ್ಕೂ ಸೀಳುತ್ತದೆ. ಈ ದೋಷವನ್ನು ಕಳೆಯಲೆಂದೇ ಚೌಕಟ್ಟು ಮಾಡುವವರು ಒಂದು ಪದರವನ್ನು ನೇರವಾಗಿಯೂ ಮತ್ತೊಂದನ್ನು 45 ಡಿಗ್ರಿ ಓರೆಯಾಗಿಯೂ ಇನ್ನೊಂದನ್ನು ಅಡ್ಡಲಾಗಿಯೂ ಹಾಕುತ್ತಾರೆ. ಯಾವ ದಿಕ್ಕಿನಿಂದ ಭಾರ ಬರುವುದೆಂದು ಅವರು ಮೊದಲೇ ಎಣಿಸಿರುತ್ತಾರೋ ಆ ದಿಕ್ಕಿಗೆ ಚೌಕಟ್ಟು ಬಲವಾಗಿರುತ್ತದೆ. ಎಣಿಸದ ದಿಕ್ಕಿನಿಂದ ಬಂದ ಏಟಿಗೆ ಅಲ್ಲಿ ಸಿದ್ಧತೆ ಇರುವುದಿಲ್ಲ. ಲೋಹಕ್ಕೆ ಇಂಥ ದಿಕ್ಕಿನ ಭೇದ ಇಲ್ಲವೆನ್ನುವಷ್ಟು ಕಡಿಮೆ.

ಇಂಗಾಲದ ಎಳೆಯ ಕಥೆ ಬೈಸಿಕಲ್ಲಿಗಿಂತ ಬಹಳ ಕಿರಿಯದೇನಲ್ಲ. 1879ರಲ್ಲಿ ಎಡಿಸನ್ ತನ್ನ ವಿದ್ಯುದ್ದೀಪದೊಳಗೆ ಉರಿಸಿದ್ದು ಇಂಗಾಲವಾಗಿಸಿದ ಹತ್ತಿಯ ನೂಲು; ಮರುವರ್ಷ ಅದರ ಜಾಗಕ್ಕೆ ಬಂದದ್ದು ಇಂಗಾಲವಾಗಿಸಿದ ಬಿದಿರಿನ ಎಳೆ. ಅವು ಬೆಳಕು ಕೊಡಲು ಬೇಕಾಗಿದ್ದವೇ ಹೊರತು ಭಾರ ಹೊರಲು ಅಲ್ಲ. ಬಲವಾದ ಎಳೆಯನ್ನು ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರೋಜರ್ ಬೇಕನ್ 1958ರಲ್ಲಿ ಕಂಡರು. ಅದಾದ ಕೆಲವೇ ವರ್ಷಗಳಲ್ಲಿ ಜಪಾನಿನ ಒಸಾಕದಲ್ಲಿ ಅಕಿಯೊ ಶಿಂಡೊ ಅವರು ಪಾಲಿಯಾಕ್ರಿಲೊನೈಟ್ರೈಲ್ ಎಂಬ ಕೃತಕ ನೂಲನ್ನು ಕಾಯಿಸಿ ಎಳೆ ತೆಗೆಯುವ ದಾರಿಯನ್ನು ತೋರಿಸಿದರು. 1960ರ ದಶಕದ ನಡುವೆ ಇಂಗ್ಲೆಂಡಿನ ಫಾರ್ನ್‌ಬರೊದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನಲ್ಲಿ ವಿಲಿಯಂ ವಾಟ್ ಮತ್ತು ಅವರ ಸಂಗಡಿಗರು ಅದೇ ನೂಲಿನಿಂದ ಹೆಚ್ಚು ಬಲದ ಎಳೆಯನ್ನು ಪಡೆದರು. 1971ರಲ್ಲಿ ಟೊರೆ ಸಂಸ್ಥೆ ವ್ಯಾಪಾರಕ್ಕಾಗಿ ತಯಾರಿಕೆಯನ್ನು ಆರಂಭಿಸಿತು.

ಈ ಪದಾರ್ಥ ಜಗತ್ತಿಗೆ ತನ್ನ ದೌರ್ಬಲ್ಯವನ್ನು ತೋರಿಸಿದ್ದೂ ಅದೇ ಕಾಲದಲ್ಲಿ. ರೋಲ್ಸ್-ರಾಯ್ಸ್ ಸಂಸ್ಥೆ ಆರ್‌ಬಿ-211 ಎಂಬ ವಿಮಾನಯಂತ್ರದ ಮುಂಭಾಗದ ಬೀಸಣಿಗೆಗೆ ಹೈಫಿಲ್ ಎಂಬ ಕಾರ್ಬನ್ ಅಲಗುಗಳನ್ನು ರೂಪಿಸಿತ್ತು. ತಿರುಗುವಾಗಿನ ಎಳೆತವನ್ನು ಆ ಅಲಗುಗಳು ಚೆನ್ನಾಗಿ ತಡೆದವು. ಆದರೆ ಹಾರಾಟದಲ್ಲಿ ಹಕ್ಕಿ ಬಡಿದರೆ ಏನಾಗುವುದೆಂದು ನೋಡಲು 1970ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಅವು ತಾಳಲಿಲ್ಲ. ಅವುಗಳ ಬದಲು ಟೈಟಾನಿಯಮ್ ಅಲಗುಗಳನ್ನು ಹಾಕಬೇಕಾಯಿತು. ಆ ಯಂತ್ರಕ್ಕೆ ತಗುಲಿದ ಮಿತಿಮೀರಿದ ವೆಚ್ಚಗಳ ಹೊರೆಯಿಂದ 1971ರ ಫೆಬ್ರವರಿಯಲ್ಲಿ ಸಂಸ್ಥೆಯೇ ದಿವಾಳಿಯೆದ್ದಿತು. ಅಲಗೊಂದೇ ಅದಕ್ಕೆ ಕಾರಣವಲ್ಲವೆಂಬುದು ನಿಜ. ಆದರೆ ಎಳೆತಕ್ಕೆ ಬಗ್ಗದ ಪದಾರ್ಥ ಏಟಿಗೆ ಒಡೆಯಬಹುದೆಂಬ ಪಾಠ ಅಲ್ಲಿ ದೊರೆಯಿತು. ನಮ್ಮ ಮೊಗಸಾಲೆಯ ಬೆಂಚಿಗೂ ಈ ಪಾಠ ಅನ್ವಯಿಸುತ್ತದೆ.

ಬೈಸಿಕಲ್ಲಿನ ಕಡೆಗೆ ಬರೋಣ. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಬೈಸಿಕಲ್ಲನ್ನು ಹೊರತಂದ ಮೇಲೆ, ಸರಿಸುಮಾರು ಒಂದು ಶತಮಾನ ಕಾಲ ಬೈಸಿಕಲ್ಲೆಂದರೆ ಉಕ್ಕು ಎಂದೇ ಅರ್ಥ. 1897ರಲ್ಲಿ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಅವರು ತುದಿಗಳಲ್ಲಿ ದಪ್ಪವಾಗಿ ನಡುವೆ ತೆಳುವಾಗಿರುವ ಕೊಳವೆಗೆ ಹಕ್ಕುಪತ್ರ ಪಡೆದರು. 1935ರಲ್ಲಿ ಅದೇ ಸಂಸ್ಥೆ '531' ಎಂಬ ಮಿಶ್ರಲೋಹದ ಕೊಳವೆಗಳನ್ನು ತಂದಿತು. ನಮ್ಮ ದೇಶದ ರಸ್ತೆಗಳಲ್ಲಿ ಹಾಲಿನ ಕ್ಯಾನನ್ನೂ ಹುಲ್ಲಿನ ಹೊರೆಯನ್ನೂ ಹೊತ್ತ ಸುಮಾರು 20 ಕಿಲೋಗ್ರಾಮಿನ ಕಪ್ಪು ಬೈಸಿಕಲ್ಲಿಗೆ ಇಂಥ ಸೂಕ್ಷ್ಮಗಳು ಬೇಕಿರಲಿಲ್ಲ. ಆ ಬೈಸಿಕಲ್ಲಿನ ಬಾಳಿಕೆಯ ಗುಟ್ಟು ಬರಿಯ ಲೋಹದಲ್ಲಿಲ್ಲ. ಉಕ್ಕು ಸೋಲುವ ಮೊದಲು ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ಯಾವ ಹಳ್ಳಿಯಲ್ಲಿಯಾದರೂ ಬೆಸುಗೆಯವರು ಒಂದು ಮಧ್ಯಾಹ್ನದಲ್ಲಿ ನೆಟ್ಟಗೆ ಮಾಡಿಕೊಡುತ್ತಾರೆ. ಉಕ್ಕಿಗೆ ಇನ್ನೊಂದು ಗುಣವಿದೆ. ಒಂದು ಮಿತಿಯೊಳಗಿನ ಭಾರವನ್ನು ಅದು ಎಷ್ಟು ಲಕ್ಷ ಸಲ ಹೊತ್ತರೂ ದಣಿದು ಬಿರಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಆ ಅಭಯವಿಲ್ಲ.

ಕಾರ್ಬನ್ ಬೈಸಿಕಲ್ಲಿನ ಮೊದಲ ಪ್ರಯೋಗಗಳು 1970ರ ದಶಕದವು. ಅಮೆರಿಕದ ಎಕ್ಸಾನ್ ತೈಲಸಂಸ್ಥೆಯ 'ಗ್ರಾಫ್ಟೆಕ್' ಎಂಬ ಬೈಸಿಕಲ್ಲಿನಲ್ಲಿ ತೆಳುವಾದ ಅಲ್ಯೂಮಿನಿಯಮ್ ಕೊಳವೆಗಳಿಗೆ ಇಂಗಾಲದ ಎಳೆಯನ್ನು ಸುತ್ತಿ, ಲೋಹದ ಗಂಟುಗಳಲ್ಲಿ ಅಂಟಿಸಿದ್ದರು. 1986ರಲ್ಲಿ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಟೂರ್ ಸ್ಪರ್ಧೆಯನ್ನು ಗೆದ್ದದ್ದು ಫ್ರೆಂಚ್ 'ಲುಕ್' ಸಂಸ್ಥೆಯ ಕಾರ್ಬನ್ ಚೌಕಟ್ಟಿನ ಮೇಲೆ. ಅಲ್ಲಿಯೂ ಕೊಳವೆ ಕಾರ್ಬನ್, ಗಂಟು ಅಲ್ಯೂಮಿನಿಯಮ್. ಅದೇ ವರ್ಷ ಅಮೆರಿಕದಲ್ಲಿ 'ಕೆಸ್ಟ್ರಲ್ 4000' ಎಂಬ, ಗಂಟುಗಳೇ ಇಲ್ಲದೆ ಅಚ್ಚಿನಲ್ಲಿ ಎರಕವಾದಂತಿದ್ದ ಚೌಕಟ್ಟು ಬಂದಿತು.

ಕಾರ್ಬನ್ ಬೈಸಿಕಲ್ಲು ಬಾಳಿಕೆಗೆ ಬರುವುದಿಲ್ಲ ಎಂಬ ಅಪಕೀರ್ತಿಯ ಬೇರು ಬಹುಮಟ್ಟಿಗೆ ಆ ಲೋಹದ ಗಂಟುಗಳಲ್ಲಿದೆ. ಇಂಗಾಲ ವಿದ್ಯುತ್ತನ್ನು ಹರಿಯಗೊಡುತ್ತದೆ. ಅಲ್ಯೂಮಿನಿಯಮ್ಮನ್ನು ಅದಕ್ಕೆ ತಾಗಿಸಿ ನಡುವೆ ಉಪ್ಪುನೀರು ಸೇರಿದರೆ, ಒಂದು ಪುಟ್ಟ ವಿದ್ಯುತ್ ಕೋಶವೇ ಅಲ್ಲಿ ಏರ್ಪಟ್ಟು ಅಲ್ಯೂಮಿನಿಯಮ್ ತಿನ್ನಲ್ಪಡುತ್ತದೆ. ಬೈಸಿಕಲ್ ಸವಾರನ ಬೆವರು ಉಪ್ಪುನೀರೇ ತಾನೆ! ಕಾಲಕ್ರಮದಲ್ಲಿ ಅಂಟು ಬಿಟ್ಟು ಕೊಳವೆ ಗಂಟಿನಿಂದ ಕಳಚಿಕೊಳ್ಳುತ್ತಿತ್ತು. ಎರಡರ ನಡುವೆ ಗಾಜಿನ ಎಳೆಯ ತೆಳುವಾದ ಪದರವನ್ನಿಟ್ಟು ಬೇರ್ಪಡಿಸುವುದನ್ನು ತಯಾರಕರು ಕಲಿತರು. ಮುಂದೆ ಗಂಟುಗಳೇ ಮಾಯವಾದವು. ಹೀಗಾಗಿ 1980ರ ದಶಕದ ಅಂಟಿನ ಚೌಕಟ್ಟುಗಳ ಅನುಭವವನ್ನು ಇಂದಿನ ಚೌಕಟ್ಟಿಗೆ ಅನ್ವಯಿಸುವುದು, ಒಂದು ಅರಸುಮನೆತನದ ತಪ್ಪನ್ನು ಅದರ ಮುಂದಿನ ಮನೆತನದ ಮೇಲೆ ಹೊರಿಸಿದಂತಾಗುತ್ತದೆ. ಆದರೂ ಸೀಟಿನ ಲೋಹದ ಕಂಬ ಕಾರ್ಬನ್ ಚೌಕಟ್ಟಿನೊಳಗೆ ವರ್ಷಗಟ್ಟಲೆ ಅಲುಗದೆ ಉಳಿದರೆ ಇದೇ ಕಾರಣದಿಂದ ಕಚ್ಚಿಕೊಂಡುಬಿಡುವುದುಂಟು. ಆಗಾಗ ಅದನ್ನು ಹೊರತೆಗೆದು ಒರೆಸಿಡುವುದು ಮೇಲು.

ಮುಂದಿನ ಬೆಳವಣಿಗೆಯನ್ನು ವಿಸ್ತರಿಸಬೇಕಾಗಿಲ್ಲ. 1992ರ ಬಾರ್ಸಿಲೋನ ಒಲಿಂಪಿಕ್ಸಿನಲ್ಲಿ ಕ್ರಿಸ್ ಬೋರ್ಡ್‌ಮನ್ 'ಲೋಟಸ್' ಸಂಸ್ಥೆಯ ವಿಚಿತ್ರಾಕಾರದ ಕಾರ್ಬನ್ ಬೈಸಿಕಲ್ಲಿನ ಮೇಲೆ ಚಿನ್ನ ಗೆದ್ದರು. 1998ರಲ್ಲಿ ಟೂರ್ ಗೆದ್ದ ಮಾರ್ಕೊ ಪಾಂಟಾನಿಯವರದು ಅಲ್ಯೂಮಿನಿಯಮ್ ಬೈಸಿಕಲ್ಲು. ಅದರ ಈಚೆಗೆ ಆ ಸ್ಪರ್ಧೆ ಕಾರ್ಬನ್ನಿನ ಪಾಲಾಯಿತು. 2000ದಿಂದ ಅಂತರರಾಷ್ಟ್ರೀಯ ಬೈಸಿಕಲ್ ಒಕ್ಕೂಟ ಸ್ಪರ್ಧೆಯ ಬೈಸಿಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಾಗಿರಕೂಡದೆಂದು ವಿಧಿಸಿದೆ. ಹಗುರ ಮಾಡುವ ಚಪಲ ಎಲ್ಲಿಗೆ ಮುಟ್ಟಿತ್ತೆಂಬುದಕ್ಕೆ ಈ ನಿಯಮವೇ ಸಾಕ್ಷಿ.

ಇನ್ನು ಬಾಳಿಕೆಯ ವಿಚಾರ. ದಿನವೂ ತುಳಿದು ತುಳಿದು ಚೌಕಟ್ಟು ದಣಿಯುತ್ತದೆಯೆ ಎಂಬುದು ಒಂದು ಪ್ರಶ್ನೆ. ಇದಕ್ಕೆ 1997ರಲ್ಲಿ ಜರ್ಮನಿಯ 'ಟೂರ್' ಎಂಬ ಬೈಸಿಕಲ್ ಪತ್ರಿಕೆ ಪ್ರಕಟಿಸಿದ ಪರೀಕ್ಷೆ ಒಳ್ಳೆಯ ಆಧಾರ. ಉಕ್ಕು, ಅಲ್ಯೂಮಿನಿಯಮ್, ಟೈಟಾನಿಯಮ್, ಕಾರ್ಬನ್ ಇವುಗಳ 12 ಬೆಲೆಬಾಳುವ ಚೌಕಟ್ಟುಗಳನ್ನು ಯಂತ್ರಕ್ಕೆ ಕಟ್ಟಿ, ಸವಾರನ ಕಾಲಿನಂತೆ ಲಕ್ಷ ಸಲ ಒತ್ತಿ, ಮತ್ತೆ ಭಾರವನ್ನು ಹೆಚ್ಚಿಸಿ ಒತ್ತಲಾಯಿತು. ಬಿರುಕು ಬಿಡದೆ ಕೊನೆ ಮುಟ್ಟಿದವು ಮೂರೇ: ಎರಡು ಅಲ್ಯೂಮಿನಿಯಮ್ಮಿನವು, ಒಂದು ಕಾರ್ಬನ್ನಿನದು. ಉಕ್ಕಿನ ಹಾಗೂ ಟೈಟಾನಿಯಮ್ಮಿನ ಚೌಕಟ್ಟುಗಳೆಲ್ಲ ಬಿರಿದವು. ದಣಿಯುವುದೆಂದು ಮೇಲೆ ಹೇಳಿದ ಅಲ್ಯೂಮಿನಿಯಮ್ ಗೆದ್ದು, ದಣಿಯದೆಂದು ಹೇಳಿದ ಉಕ್ಕು ಸೋತದ್ದು ಹೇಗೆ? ಹಗುರಗೊಳಿಸುವ ಭರದಲ್ಲಿ ಉಕ್ಕಿನ ಕೊಳವೆಯನ್ನು ಅತಿ ತೆಳುವಾಗಿಸಿ ಅದರ ಅಭಯದ ಮಿತಿಯನ್ನು ದಾಟಿದ್ದರು. ಅಲ್ಯೂಮಿನಿಯಮ್ಮನ್ನು ಧಾರಾಳವಾಗಿ ಬಳಸಿದ್ದರು. ಪದಾರ್ಥದ ಗುಣಕ್ಕಿಂತ ಅದನ್ನು ಬಳಸಿದ ವಿವೇಕ ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ಕಪ್ಪು ಬೈಸಿಕಲ್ಲು ಆ ಹನ್ನೆರಡರಲ್ಲಿ ಇರಲಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಅಂತೂ ಬರಿಯ ತುಳಿತದಿಂದ ಚೆನ್ನಾಗಿ ಮಾಡಿದ ಕಾರ್ಬನ್ ಚೌಕಟ್ಟು ಹಾಳಾಗುವ ಭಯವಿಲ್ಲ. ಈ ಅರ್ಥದಲ್ಲಿ ನಮ್ಮ ಭೌತಶಾಸ್ತ್ರದ ಮಿತ್ರರ ಮಾತು ಸರಿ.

ಏಟಿನ ವಿಚಾರ ಬೇರೆ. ಯಂತ್ರದ ಮೇಲಿನ ಒತ್ತಡ ಎಣಿಸಿದ ದಿಕ್ಕಿನಿಂದ ಬರುತ್ತದೆ. ಬೆಂಚಿನ ಕಾಲು ಎಣಿಸದ ದಿಕ್ಕಿನಿಂದ ಬರುತ್ತದೆ. ಕೊಳವೆಯ ಗೋಡೆಗೆ ಅಡ್ಡಲಾಗಿ ಚೂಪಾದ ಏಟು ಬಿದ್ದಾಗ ಮೇಲಿನ ಬಣ್ಣ ಹಾಗೆಯೇ ಇದ್ದು, ಒಳಗಿನ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳಬಹುದು. ಅಲ್ಲಿಂದ ಮುಂದೆ ದಿನದಿನದ ತುಳಿತ ಆ ಬಿರುಕನ್ನು ಬೆಳೆಸುತ್ತದೆ. ಉಕ್ಕು ಬಾಗಿ ಎಚ್ಚರಿಕೆ ಕೊಟ್ಟಂತೆ ಇದು ಕೊಡುವುದಿಲ್ಲ. ತಾಳುವಷ್ಟು ತಾಳಿ ಒಮ್ಮೆಗೇ ಮುರಿಯುತ್ತದೆ. ಚೌಕಟ್ಟಿನಲ್ಲಿ ಹೀಗಾದರೆ ಸವಾರ ಒಮ್ಮೊಮ್ಮೆ ಪಾರಾಗಬಹುದು. ಮುಂದಿನ ಫೋರ್ಕಿನಲ್ಲೋ ಹ್ಯಾಂಡಲ್ಲಿನಲ್ಲೋ ಆದರೆ ಮುಖವೇ ನೆಲಕ್ಕೆ ಬಡಿಯುತ್ತದೆ. ಕಾರ್ಬನ್ ಫೋರ್ಕುಗಳನ್ನು ಗ್ರಾಹಕರಿಂದ ಹಿಂದಕ್ಕೆ ತರಿಸಿಕೊಂಡ ಪ್ರಕರಣಗಳು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಪ್ರಕಟಣೆಗಳಲ್ಲಿ ಹಲವು ಇವೆ.

ಆದರೆ ಮುರಿದದ್ದೆಲ್ಲ ಕಾರ್ಬನ್ ಎನ್ನುವುದೂ ಆತುರದ ಮಾತು. 2006ರ ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಿ ಕಲ್ಲುಹಾಸಿನ ಹಾದಿಯಲ್ಲಿ ಜಾರ್ಜ್ ಹಿನ್‌ಕಾಪಿ ಎಂಬ ಸವಾರನ ಹ್ಯಾಂಡಲ್ಲು ಕೈಯಲ್ಲೇ ಕಳಚಿಬಂದು ಆತ ಬಿದ್ದ ಚಿತ್ರವನ್ನು ಅನೇಕರು ಕಾರ್ಬನ್ನಿನ ದೌರ್ಬಲ್ಯಕ್ಕೆ ಉದಾಹರಣೆಯಾಗಿ ತೋರಿಸುವುದುಂಟು. ವಾಸ್ತವವಾಗಿ ಮುರಿದದ್ದು ಫೋರ್ಕಿನ ತಲೆಯ ಅಲ್ಯೂಮಿನಿಯಮ್ ಕೊಳವೆ. ಅದೇ ಸ್ಪರ್ಧೆಯಲ್ಲಿ ಮೊದಲೊಮ್ಮೆ ಬಿದ್ದಾಗ ಅದಕ್ಕೆ ಪೆಟ್ಟಾಗಿತ್ತು. ಹೊರಗೆ ಕಾಣದ ಹಳೆಯ ಏಟು ಮುಂದೆ ಫಲ ಕೊಡುವುದು ಎಲ್ಲ ಪದಾರ್ಥಗಳಿಗೂ ಸಮಾನ. ಕಾರ್ಬನ್ನಿನಲ್ಲಿ ಅದು ಇನ್ನಷ್ಟು ಅಡಗಿರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಹಾಗಾದರೆ ಇದೇ ಪದಾರ್ಥವನ್ನು ನಂಬಿ ವಿಮಾನದಲ್ಲಿ ಕೂರುತ್ತೇವಲ್ಲ ಎಂದು ವಾಚಕರು ಕೇಳಬಹುದು. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧ ಪಾಲು ಇಂಥ ಸಂಯುಕ್ತ ಪದಾರ್ಥಗಳದು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿಜ್ಞಾನಿಗಳು ಕಾರ್ಬನ್ ಎಳೆಯನ್ನು ಸ್ವತಃ ತಯಾರಿಸುವ ವಿಧಾನವನ್ನು ರೂಪಿಸಿದ್ದಾರೆ. 2001ರ ಜನವರಿಯಲ್ಲಿ ಬೆಂಗಳೂರಿನಿಂದ ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗಳು ಕಾರ್ಬನ್ನಿನವು. ಆದರೆ ವಿಮಾನಕ್ಕೆ ಒಂದು ದಿನಚರಿ ಪುಸ್ತಕವಿದೆ. ಯಾವ ದಿನ ಯಾವ ಏಣಿ ತಗುಲಿತು, ಯಾರು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಿದರು, ಯಾವ ಜಾಗಕ್ಕೆ ತೇಪೆ ಹಾಕಿದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಸ್ಪರ್ಧೆಯ ಸವಾರನಿಗೂ ಸಂಜೆಯ ಹೊತ್ತಿಗೆ ಬೈಸಿಕಲ್ಲನ್ನು ತೊಳೆದು ತಡಕುವ ಕುಶಲಿಗಳಿದ್ದಾರೆ. ಸಂಶಯ ಬಂದರೆ ಕಾರಿನ ಮೇಲೆ ಇನ್ನೊಂದು ಬೈಸಿಕಲ್ಲು ಸಿದ್ಧವಾಗಿದೆ. ಕಾಲೇಜಿಗೆ ಬರುವವನ ಬೈಸಿಕಲ್ಲಿಗೆ ದಿನಚರಿಯಿಲ್ಲ, ಕುಶಲಿಗಳಿಲ್ಲ. ಕಾರ್ಬನ್ ಬೈಸಿಕಲ್ಲಿನ ದಿನಬಳಕೆಯ ತೊಡಕೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ ಎಂದು ನಮಗೆ ತೋರುತ್ತದೆ.

ಇದಕ್ಕೆ ಸಮಾನವಾದುದು ನಮ್ಮ ಕ್ಷೇತ್ರದಲ್ಲಿಯೂ ಉಂಟು. ಶಿಲಾಶಾಸನಕ್ಕಿಂತ ತಾಳೆಗರಿ ಬಾಳಿಕೆಯಲ್ಲಿ ಕಡಿಮೆ ಎನ್ನುತ್ತೇವೆ. ಆದರೆ ಎಣ್ಣೆ ಸವರಿ, ಬಟ್ಟೆಯಲ್ಲಿ ಕಟ್ಟಿ, ಕಾಲಕಾಲಕ್ಕೆ ಬಿಚ್ಚಿ ನೋಡುವವರಿದ್ದ ಮನೆಗಳಲ್ಲಿ ತಾಳೆಗರಿ ನೂರಾರು ವರ್ಷ ಉಳಿದಿದೆ; ಬಟ್ಟೆ ಒಗೆಯುವ ಹಾಸುಗಲ್ಲಾದ ಶಾಸನದ ಅಕ್ಷರಗಳು ಅಷ್ಟರಲ್ಲಿ ಸವೆದುಹೋಗಿವೆ. ಉಕ್ಕಿನ ಬೈಸಿಕಲ್ಲು ಅಲಕ್ಷ್ಯವನ್ನು ಬಹುಮಟ್ಟಿಗೆ ಸಹಿಸುತ್ತದೆ. ಕಾರ್ಬನ್ನಿನದು ತಾಳೆಗರಿಯ ಜಾತಿಯದು.

ದಿನಬಳಕೆಯ ಅಪಾಯಗಳು ರಸ್ತೆಗಿಂತ ಹೆಚ್ಚಾಗಿ ನಿಲ್ದಾಣದಲ್ಲಿವೆ. ಒಂದು ಬೈಸಿಕಲ್ಲಿನ ಹ್ಯಾಂಡಲ್ಲು ಪಕ್ಕದ್ದರ ಕೊಳವೆಗೆ ಬಡಿಯುವುದು, ಬೀಗದ ಸರಪಣಿ ದಿನವೂ ಒಂದೇ ಕಡೆ ಉಜ್ಜುವುದು, ಕಾವಲುಗಾರ ಹತ್ತು ಬೈಸಿಕಲ್ಲುಗಳನ್ನು ಒಟ್ಟಿಗೆ ತಳ್ಳಿ ಜಾಗ ಮಾಡುವುದು, ಮೇಲಿನ ಕೊಳವೆಯ ಮೇಲೆ ಗೆಳೆಯನನ್ನು ಕೂರಿಸಿಕೊಳ್ಳುವುದು ಇವೆಲ್ಲ ಉಕ್ಕಿನ ಬೈಸಿಕಲ್ಲಿನ ಸಹಜ ಜೀವನ. ಕಾರ್ಬನ್ ಚೌಕಟ್ಟಿನಲ್ಲಿ ಕೊಳವೆಯ ನಡುಭಾಗ ಅತ್ಯಂತ ತೆಳುವಾಗಿರುವುದರಿಂದ ಇವೆಲ್ಲವೂ ಅದಕ್ಕೆ ವರ್ಜ್ಯ. ಕ್ಯಾರಿಯರ್, ಮಡ್‌ಗಾರ್ಡ್ ಹಾಕುವ ತೂತುಗಳು ಅನೇಕ ಚೌಕಟ್ಟುಗಳಲ್ಲಿ ಇರುವುದೇ ಇಲ್ಲ. ಸಾಮಾನು ಕಟ್ಟಲೆಂದು ಕೊಳವೆಗೆ ಕಬ್ಬಿಣದ ಪಟ್ಟಿಯನ್ನು ಬಿಗಿಯುವುದು ಅದನ್ನು ಅಡಕತ್ತರಿಯಲ್ಲಿ ಸಿಕ್ಕಿಸಿದಂತೆ. ಮಕ್ಕಳ ಪೀಠವನ್ನು ತಯಾರಕರು ಸ್ಪಷ್ಟವಾಗಿ ಅನುಮತಿಸದ ಹೊರತು ಕೂಡಿಸಕೂಡದು.

ಇನ್ನೊಂದು ಶತ್ರು ಸ್ಪ್ಯಾನರು. ಉಕ್ಕಿನ ಬೈಸಿಕಲ್ಲನ್ನು ಬಿಚ್ಚಿ ಜೋಡಿಸಿದ ಕೈಗೆ 'ಇನ್ನೊಂದು ಸುತ್ತು' ಎಂಬ ಅಭ್ಯಾಸವಿರುತ್ತದೆ. ಕಾರ್ಬನ್ ಸೀಟಿನ ಕಂಬಕ್ಕೂ ಹ್ಯಾಂಡಲ್ಲಿಗೂ ಸಾಮಾನ್ಯವಾಗಿ 5 ನ್ಯೂಟನ್-ಮೀಟರಿನ ಆಸುಪಾಸಿನ ಬಿಗಿತ ಸಾಕು. ಆ ಅಂಕಿ ಅನೇಕ ಬಿಡಿಭಾಗಗಳ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಅಳೆಯುವ ಟಾರ್ಕ್ ವ್ರೆಂಚ್ ಎಂಬ ಉಪಕರಣ ಇಲ್ಲದೆ ಊಹೆಯಿಂದ ಬಿಗಿದರೆ ಎಳೆಗಳು ಜಜ್ಜಿಹೋಗುತ್ತವೆ. ಜಾರದಿರಲಿ ಎಂದು ಬಿಗಿಯುವ ಬದಲು, ಮರಳಿನಂಥ ಕಣಗಳಿರುವ ಒಂದು ಲೇಪವನ್ನು ಹಚ್ಚಿದರೆ ಕಡಿಮೆ ಬಿಗಿತದಲ್ಲಿಯೇ ಹಿಡಿತ ದೊರೆಯುತ್ತದೆ. ನಮ್ಮ ಊರಿನ ಬೈಸಿಕಲ್ ಅಂಗಡಿಯಲ್ಲಿ ಇವೆರಡೂ ಇಲ್ಲ. ಇಲ್ಲದಿರುವುದು ಅವರ ತಪ್ಪೂ ಅಲ್ಲ.

ಬಿಸಿಲಿನ ಬಗೆಗೆ ಇರುವ ಭಯ ಬಹುಮಟ್ಟಿಗೆ ಆಧಾರವಿಲ್ಲದ್ದು. ಚೌಕಟ್ಟಿನ ರಾಳ ಮೆತ್ತಗಾಗುವ ಉಷ್ಣತೆ ಸಾಮಾನ್ಯವಾಗಿ 100 ಡಿಗ್ರಿಗಿಂತ ಮೇಲಿರುತ್ತದೆ. ಕಲಬುರಗಿಯ ಬೇಸಗೆಯೂ ಅಲ್ಲಿಗೆ ಮುಟ್ಟದು. ಸೂರ್ಯಕಿರಣದಿಂದ ರಾಳವನ್ನು ಮೇಲಿನ ಬಣ್ಣ ಮತ್ತು ಹೊಳಪಿನ ಲೇಪ ಕಾಯುತ್ತವೆ. ಕಾವಿನ ನಿಜವಾದ ಅಪಾಯ ಕಾರ್ಬನ್ ರಿಮ್ಮಿನ ಮೇಲೆಯೇ ರಬ್ಬರು ಒತ್ತುವ ಬ್ರೇಕಿನದು. ಆಗುಂಬೆಯಂಥ ಘಾಟಿಯನ್ನು ಬ್ರೇಕು ಹಿಡಿದುಕೊಂಡೇ ಇಳಿದರೆ ರಿಮ್ಮಿನ ರಾಳ ಮೆತ್ತಗಾಗಿ ಅಂಚು ಉಬ್ಬಬಹುದು. ತಟ್ಟೆಯ ಬ್ರೇಕು ಬಂದ ಮೇಲೆ ಈ ಸಮಸ್ಯೆ ಹೊಸ ಬೈಸಿಕಲ್ಲುಗಳಿಂದ ತೊಲಗಿದೆ. ಅಗ್ಗಕ್ಕೆ ಸಿಗುವ ಹಳೆಯವುಗಳಲ್ಲಿ ಉಳಿದಿದೆ.

ಮಳೆಯ ವಿಚಾರದಲ್ಲಿ ಮಾತ್ರ ಕಾರ್ಬನ್ನಿಗೆ ಸರಿಸಾಟಿಯಿಲ್ಲ. ಮಲೆನಾಡಿನ ಆಷಾಢದಲ್ಲಾಗಲಿ ಕರಾವಳಿಯ ಉಪ್ಪುಗಾಳಿಯಲ್ಲಾಗಲಿ ಅದಕ್ಕೆ ತುಕ್ಕು ಹಿಡಿಯದು. ಹಿಂದಿನ ಚಕ್ರಕ್ಕೂ ಚೌಕಟ್ಟಿಗೂ ನಡುವೆ ಕೆಸರು ಸಿಕ್ಕಿ ಅರದಂತೆ ಉಜ್ಜದಂತೆ ನೋಡಿಕೊಂಡರಾಯಿತು. ಈಚೆಗೆ ಸರಪಣಿಯ ಬದಲು ಬಳಕೆಗೆ ಬಂದಿರುವ ಹಲ್ಲಿನ ಪಟ್ಟಿಯೊಳಗೆ ಎಳೆತವನ್ನು ಹೊರುವುದು ಕಾರ್ಬನ್ನಿನ ಹುರಿಗಳೇ. ಎಣ್ಣೆ ಬೇಡ, ತುಕ್ಕಿಲ್ಲ. ದಿನಬಳಕೆಯ ಬೈಸಿಕಲ್ಲಿಗೆ ಕಾರ್ಬನ್ನಿನ ಉಚಿತವಾದ ಸ್ಥಾನ ಚೌಕಟ್ಟಿಗಿಂತ ಈ ಪಟ್ಟಿಯಲ್ಲಿಯೇ ಇರಬಹುದೆಂದು ನಮ್ಮ ಅನಿಸಿಕೆ.

ಕೊಳ್ಳುವವರು ಎರಡು ಬಗೆಯ ದಾಖಲೆಗಳನ್ನು ಓದಬೇಕಾಗುತ್ತದೆ. ಮೊದಲನೆಯದು ತಯಾರಕರ ಖಾತರಿಪತ್ರ. 'ಜೀವಮಾನದ ಖಾತರಿ' ಎಂಬ ತಲೆಬರಹದ ಕೆಳಗೆ ಅದು ಮೊದಲ ಒಡೆಯನಿಗೆ ಮಾತ್ರವೆಂದೂ, ಬಿದ್ದು ಆದ ಹಾನಿಗೆ ಅನ್ವಯಿಸದೆಂದೂ ಸಾಮಾನ್ಯವಾಗಿ ಬರೆದಿರುತ್ತದೆ. ಕಾರ್ಬನ್ ಚೌಕಟ್ಟು ಹಾಳಾಗುವುದೇ ಬಹುತೇಕ ಬಿದ್ದು ಎಂದಮೇಲೆ ಆ ಖಾತರಿಯ ಬೆಲೆ ಎಷ್ಟೆಂಬುದನ್ನು ಓದುಗರೇ ತೂಗಲಿ. ಇನ್ನೊಂದು ದಾಖಲೆ ಬೈಸಿಕಲ್ಲೇ. ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಬಂದ ಕಾರ್ಬನ್ ಚೌಕಟ್ಟು ಮೂಲ ತಿಳಿಯದ ತಾಮ್ರಶಾಸನದಂತೆ. ಕೊಟ್ಟವರ ಬಾಯಿಮಾತಿನ ಹೊರತು ಅದರ ಹಿಂದಿನ ಏಟುಗಳಿಗೆ ಬೇರೆ ಸಾಕ್ಷಿಯಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 4210 ಎಂಬ ಮಾನಕದಂತೆ ಹೊಸ ಮಾದರಿಯ ಚೌಕಟ್ಟಿನ ಮೇಲೆ 22.5 ಕಿಲೋಗ್ರಾಮಿನ ಭಾರವನ್ನು ಬೀಳಿಸಿಯೂ, ಪೆಡಲಿನ ಒತ್ತಡವನ್ನು ಲಕ್ಷ ಸಲ ಹಾಕಿಯೂ ಪರೀಕ್ಷಿಸುತ್ತಾರೆ. ಆದರೆ ಆ ಪರೀಕ್ಷೆ ಮಾದರಿಗೆ ಸಂದದ್ದು, ಈಗ ನಮ್ಮೆದುರು ಇರುವ ಚೌಕಟ್ಟು ಹತ್ತು ವರ್ಷದಲ್ಲಿ ಕಂಡದ್ದಕ್ಕಲ್ಲ.

ಪರೀಕ್ಷೆಗೆ ಮನೆಯಲ್ಲಿಯೇ ಮಾಡಬಹುದಾದ ಒಂದು ಉಪಾಯವಿದೆ. ಚೌಕಟ್ಟನ್ನು ತೊಳೆದು ಒಣಗಿಸಿ, ಒಂದು ನಾಣ್ಯದಿಂದ ಕೊಳವೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗುವುದು. ಗಟ್ಟಿಯಾದ ಭಾಗ ಟಣ್ಣೆಂದು ಚೊಕ್ಕಟವಾಗಿ ನುಡಿಯುತ್ತದೆ. ಪದರ ಬಿಟ್ಟ ಭಾಗ ಬೆರಣಿಯನ್ನು ತಟ್ಟಿದಂತೆ ಮಂಕಾಗಿ ನುಡಿಯುತ್ತದೆ. ತೆಂಗಿನಕಾಯಿಯನ್ನೂ ಮಡಕೆಯನ್ನೂ ತಟ್ಟಿ ಕೊಳ್ಳುವ ನಮ್ಮ ಜನಕ್ಕೆ ಇದು ಹೊಸದಲ್ಲ. ಆದರೆ ಕೊಳವೆಯ ದಪ್ಪ ಬದಲಾಗುವಲ್ಲಿಯೂ ಧ್ವನಿ ಬದಲಾಗುವುದರಿಂದ, ಮಂಕು ಧ್ವನಿ ಸಂಶಯಕ್ಕೆ ಕಾರಣವೇ ಹೊರತು ತೀರ್ಪಲ್ಲ. ಚೊಕ್ಕಟ ಧ್ವನಿ ಪೂರ್ಣ ಅಭಯವೂ ಅಲ್ಲ. ಸಂಶಯ ಬಂದಲ್ಲಿ ಶ್ರವಣಾತೀತ ಧ್ವನಿಯ ಉಪಕರಣವುಳ್ಳವರಿಗೆ ತೋರಿಸಬೇಕು.

ಒಡೆದ ಕಾರ್ಬನ್ನನ್ನು ಸರಿಪಡಿಸಲಾಗದೆಂಬ ಮಾತೂ ನಿಲ್ಲುವುದಿಲ್ಲ. ಹಾನಿಯಾದ ಪದರಗಳನ್ನು ಇಳಿಜಾರಾಗಿ ಉಜ್ಜಿ ತೆಗೆದು, ಅದೇ ದಿಕ್ಕುಗಳಲ್ಲಿ ಹೊಸ ಪದರಗಳನ್ನು ಸುತ್ತಿ, ಒತ್ತಿ ಕಾಯಿಸಿದರೆ ಚೌಕಟ್ಟು ಮತ್ತೆ ಭಾರ ಹೊರುತ್ತದೆ. ಕ್ಯಾಲಿಫೋರ್ನಿಯದ ಕ್ರೇಗ್ ಕ್ಯಾಲ್ಫಿಯವರ ಕಾರ್ಯಾಗಾರ 2001ರಿಂದ ಈ ಕೆಲಸವನ್ನು ವೃತ್ತಿಯಾಗಿಯೇ ನಡೆಸಿತು. ಫೋರ್ಕು ಮತ್ತು ಹ್ಯಾಂಡಲ್ಲುಗಳನ್ನು ಮಾತ್ರ ದುರಸ್ತಿ ಮಾಡದೆ ಬದಲಾಯಿಸುವುದೇ ಕ್ಷೇಮ. ದುರಸ್ತಿಗೂ ಮೀರಿದ ಚೌಕಟ್ಟಿನ ಗತಿ ಕಷ್ಟದ್ದು. ಉಕ್ಕು ಗುಜರಿಯವನ ತಕ್ಕಡಿಗೆ ಹೋಗಿ ಮತ್ತೆ ಉಕ್ಕಾಗುತ್ತದೆ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಗಾಳಿಯಾಡದ ಕುಲುಮೆಯಲ್ಲಿ ರಾಳವನ್ನು ಸುಟ್ಟು ಎಳೆಯನ್ನು ಹಿಂಪಡೆಯಬಹುದು, ಆದರೆ ದೊರೆಯುವುದು ತುಂಡಾದ ಎಳೆ.

ನಮ್ಮ ವಿದ್ಯಾರ್ಥಿಯ ಬೈಸಿಕಲ್ಲನ್ನು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಒಂದು ರೂಪಾಯಿಯ ನಾಣ್ಯದಿಂದ ನಾವೇ ತಟ್ಟಿ ನೋಡಿದೆವು. ಗೀರು ಬಿದ್ದ ಜಾಗದಲ್ಲಿ ಧ್ವನಿ ಚೊಕ್ಕಟವಾಗಿತ್ತು. ಅದರಿಂದ ಒಂದು ಗೇಣು ಹಿಂದೆ, ಯಾವ ಗುರುತೂ ಇಲ್ಲದ ಕಡೆ, ಮಂಕಾಗಿತ್ತು. ಬೆಂಗಳೂರಿನ ಒಬ್ಬ ಕುಶಲಿಗಳು ಬಣ್ಣ ಕೆರೆದು ನೋಡಿದಾಗ ಅಲ್ಲಿ ಬೆರಳಗಲದ ಹಳೆಯ ಬಿರುಕೊಂದು ಕಂಡಿತು. ನಮ್ಮ ಬೆಂಚಿಗೂ ಅದಕ್ಕೂ ಸಂಬಂಧವಿರಲಿಲ್ಲ. ಹುಡುಗ ಎಂಟು ತಿಂಗಳಿಂದ ಅದರ ಮೇಲೆಯೇ ದಿನವೂ ಹನ್ನೆರಡು ಕಿಲೋಮೀಟರ್ ಬಂದು ಹೋಗುತ್ತಿದ್ದ. ಈಗ ಆ ಭಾಗಕ್ಕೆ ಹೊಸ ಪದರ ಸುತ್ತಿಸಿಕೊಂಡು ಬಂದಿದ್ದಾನೆ. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಚಿಕ್ಕ ನೋಟ್‌ಬುಕ್ಕಿದೆ, ಅದರ ಮೊದಲ ಪುಟದಲ್ಲಿ ದುರಸ್ತಿಯ ತಾರೀಖು ಇದೆ.